ಮಡಕೆಯಿಂದ ಗಿಡಕ್ಕೆ ನೀರು
(ಗ್ರಾಮಸಭೆಯೊಂದರಲ್ಲಿ ಮಾಡಿದ ಭಾಷಣ)



ವರ್ಷ ವರ್ಷವೂ ಮಳೆ ಹಿಡಿಯುತ್ತಲೇ ನಾವೆಲ್ಲರೂ ಸಸಿ ನೆಡುತ್ತೇವೆ. 1950ರಲ್ಲಿ ಅಂದಿನ ಕೇಂದ್ರ ಆಹಾರ ಮತ್ತು ಕೃಷಿ ಮಂತ್ರಿಗಳಾಗಿದ್ದ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಮೊದಲು ಮಾಡಿದಂದಿನಿಂದ ಈ ಪದ್ಧತಿ ನಡೆದು ಬಂದಿದೆ. ನೆಡುವುದರಲ್ಲಿ ನಮ್ಮನ್ನು ಯಾರೂ ಹಿಂದೆ ಹಾಕಲಾರರು. ಆದರೆ ಶಿವರಾತ್ರಿ ಕಳೆದು ಯುಗಾದಿ ಬರುವ ಹೊತ್ತಿಗೆ ಅವುಗಳಲ್ಲಿ ಎಷ್ಟು ಉಳಿದಿರುತ್ತವೆ ಎಂಬುದನ್ನು ತಾವೇ ಹಿತ್ತಲಿಗೆ ಹೋಗಿ ಎಣಿಸಿ ನೋಡಬಹುದು. ಸಸಿ ಸಾಯುವುದು ಸಾಮಾನ್ಯವಾಗಿ ಮೊದಲನೆಯ ಬೇಸಿಗೆಯಲ್ಲಿ. ಅದೊಂದನ್ನು ದಾಟಿಸಿದರೆ ಬೇರು ಆಳಕ್ಕಿಳಿದು, ತನ್ನ ದಾರಿಯನ್ನು ತಾನೇ ನೋಡಿಕೊಳ್ಳುತ್ತದೆ.

ನೀರು ಹಾಕುವುದಿಲ್ಲವೇ ಎಂದರೆ, ಹಾಕುತ್ತೇವೆ. ಹಾಕುವವರು ಯಾರು? ಮನೆಯ ಹೆಣ್ಣುಮಕ್ಕಳು. ನಲ್ಲಿಯಲ್ಲಿ ನೀರು ಬಂದ ದಿನ ಕೊಡ ಹೊತ್ತು ತಂದು, ಅಡಿಗೆಗೆ, ದನಕ್ಕೆ, ಸ್ನಾನಕ್ಕೆ ಆದ ಮೇಲೆ ಉಳಿದದ್ದನ್ನು ಗಿಡದ ಬುಡಕ್ಕೆ ಒಮ್ಮೆಲೇ ಸುರಿಯುತ್ತಾರೆ. ಆ ನೀರಿನಲ್ಲಿ ಒಂದು ಪಾಲು ಬಿಸಿಲಿಗೆ ಆರಿಹೋಗುತ್ತದೆ, ಮತ್ತೊಂದು ಪಾಲು ಎಳೆ ಬೇರಿಗೆ ಸಿಕ್ಕದೆ ಕೆಳಕ್ಕೆ ಇಳಿದುಹೋಗುತ್ತದೆ. ಮೂರು ದಿನ ನೀರಿಲ್ಲ, ನಾಲ್ಕನೆಯ ದಿನ ಪ್ರವಾಹ. ಮನುಷ್ಯರಿಗೇ ಹೀಗೆ ಊಟ ಬಡಿಸಿದರೆ ಬದುಕುವುದು ಕಷ್ಟ.

ಇದಕ್ಕೆ ನಾನು ಹೇಳುವ ಉಪಾಯದಲ್ಲಿ ಹೊಸದೇನೂ ಇಲ್ಲ. ಸುಟ್ಟ ಮಣ್ಣಿನ ಮಡಕೆಯೊಂದನ್ನು ಗಿಡದ ಪಕ್ಕದಲ್ಲಿ ಕುತ್ತಿಗೆಯವರೆಗೆ ಹೂತು, ಅದರಲ್ಲಿ ನೀರು ತುಂಬಿ, ಬಾಯಿ ಮುಚ್ಚುವುದು, ಅಷ್ಟೇ. ಎರಡು ಸಾವಿರ ವರ್ಷಗಳ ಹಿಂದೆಯೇ ಚೀನಾ ದೇಶದಲ್ಲಿ ಫಾನ್ ಷೆಂಗ್‌ಝಿ ಎಂಬವರು ತಮ್ಮ ಬೇಸಾಯದ ಗ್ರಂಥದಲ್ಲಿ, ಹೂತ ಮಡಕೆಯ ಸುತ್ತ ಬಳ್ಳಿಕಾಯಿ ಬೆಳೆಯುವ ಈ ಕ್ರಮವನ್ನು ಬರೆದಿಟ್ಟಿದ್ದಾರೆ. ನಮ್ಮ ದೇಶದಲ್ಲಿ 1970ರ ದಶಕದಲ್ಲಿ ಹರಿಯಾಣದ ಕರ್ನಾಲಿನ ಕೇಂದ್ರ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯವರು ಇದರಿಂದಲೇ ತರಕಾರಿ ಬೆಳೆದು ಪರೀಕ್ಷೆ ಮಾಡಿದರು.

ಕಳೆದ ಸಲ ಇದನ್ನು ಹೇಳಿದಾಗ ಅಜ್ಜಿಯೊಬ್ಬರು, "ಮಡಕೆ ಒಳಗಿನ ನೀರ ಗಿಡ ಹೆಂಗೆ ಕುಡಿತದಪ್ಪ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಬೇಸಿಗೆಯಲ್ಲಿ ಗಡಿಗೆಯ ನೀರು ತಣ್ಣಗಿರುವುದು ಏತಕ್ಕೆ? ಅದರ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಅವುಗಳ ಮೂಲಕ ನೀರು ಹೊರಕ್ಕೆ ಒಸರಿ ಆರುತ್ತದೆ. ಅದೇ ಗಡಿಗೆಯನ್ನು ಹೂತರೆ, ಸುತ್ತಲಿನ ಒಣಮಣ್ಣು ಆ ಒಸರನ್ನು ಹೀರಿಕೊಳ್ಳುತ್ತದೆ. ಮಣ್ಣು ಒದ್ದೆಯಾದಂತೆ ಹೀರುವುದು ನಿಧಾನವಾಗುತ್ತದೆ. ಬೇರು ಆ ತೇವವನ್ನು ಕುಡಿದು ಮಣ್ಣು ಒಣಗಿದರೆ ಮತ್ತೆ ಹೀರುತ್ತದೆ. ಗಿಡಕ್ಕೆ ಬೇಕಾದಾಗ ಬೇಕಾದಷ್ಟು; ಕಾವಲಿಗೆ ಆಳು ಬೇಡ.

ಮಡಕೆಯ ಆಯ್ಕೆಯಲ್ಲೇ ಎಲ್ಲವೂ ಇದೆ. ನಾನೇ ಮೊದಲ ಸಲ ಮೋಸಹೋದೆ. ಜಾತ್ರೆಯಲ್ಲಿ ಬಣ್ಣ ಬಳಿದ ಅಂದವಾದ ಮಡಕೆ ಕಂಡು, ಅದನ್ನೇ ತಂದು ಕರಿಬೇವಿನ ಸಸಿಯ ಪಕ್ಕ ಹೂತು, ನಿಶ್ಚಿಂತೆಯಿಂದ ಇದ್ದೆ. ಎಂಟು ದಿನದ ಮೇಲೆ ಮುಚ್ಚಳ ತೆಗೆದು ನೋಡಿದರೆ ನೀರು ತುಂಬಿದಷ್ಟೇ ಇದೆ, ಕರಿಬೇವು ಕಡ್ಡಿಯಾಗಿದೆ. ಬಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ಆದುದರಿಂದ ಹೂಳುವ ಮೊದಲು ಮಡಕೆಗೆ ನೀರು ತುಂಬಿ ಒಂದು ರಾತ್ರಿ ಇಡಬೇಕು. ಬೆಳಿಗ್ಗೆ ಹೊರಮೈ ತೇವವಾಗಿದ್ದರೆ ಅದು ಕೆಲಸಕ್ಕೆ ಬರುತ್ತದೆ. ಒಣಗಿದ್ದರೆ ಬೇಡ, ತೊಟ್ಟಿಕ್ಕುತ್ತಿದ್ದರೆ ಬಿರುಕಿದೆ ಎಂದರ್ಥ. ಎಣ್ಣೆ, ಸಾರು ಕಂಡ ಅಡಿಗೆ ಮಡಕೆಯೂ ಬೇಡ. ನೀರು ತಣ್ಣಗಾಗುವುದನ್ನು ಬಿಟ್ಟ ಹಳೆಯ ಗಡಿಗೆಯ ರಂಧ್ರಗಳಲ್ಲಿ ಉಪ್ಪು ಕೂತಿರುತ್ತದೆ. ಅದನ್ನು ಹುಣಸೆ ನೀರಿನಲ್ಲಿ ನೆನೆಸಿ, ತೆಂಗಿನ ನಾರಿನಿಂದ ಉಜ್ಜಿ, ಮತ್ತೆ ಪರೀಕ್ಷಿಸಿ ನೋಡಬಹುದು. ಬಾಯಿ ಸ್ವಲ್ಪ ಒಡೆದಿದ್ದರೆ ಚಿಂತೆಯಿಲ್ಲ, ಕುಂಬಾರರ ಬಳಿ ಅಂಥವು ಅಗ್ಗವಾಗಿ ಸಿಕ್ಕುತ್ತವೆ.

ಐದಾರು ಲೀಟರು ಹಿಡಿಯುವ ಮಡಕೆ ಒಂದು ಸಸಿಗೆ ಸಾಕು. ಮಡಕೆಯ ಎರಡರಷ್ಟು ಅಗಲದ ಗುಂಡಿ ತೋಡಿ, ಮಣ್ಣಿನ ಕಲ್ಲು ಆರಿಸಿ, ಕೊಳೆತ ಗೊಬ್ಬರ ಬೆರೆಸಿ, ಬಾಯಿ ನೆಲದಿಂದ ಎರಡು ಬೆರಳು ಮೇಲಿರುವಂತೆ ಮಡಕೆಯನ್ನು ಕೂರಿಸಬೇಕು. ಮಣ್ಣು ಮಡಕೆಯ ಹೊಟ್ಟೆಗೆ ಎಲ್ಲೆಡೆಯೂ ಅಂಟಿರಬೇಕು. ನಡುವೆ ಗಾಳಿ ನಿಂತರೆ ನೀರು ದಾಟುವುದಿಲ್ಲ. ಸಸಿಯನ್ನು ಒಂದು ಗೇಣು ದೂರದಲ್ಲಿ ನೆಟ್ಟು, ಮೊದಲ ದಿನ ಮೇಲಿನಿಂದಲೂ ನೀರು ಕೊಡಿ. ತರಕಾರಿಯಾದರೆ ಒಂದು ಮಡಕೆಯ ಸುತ್ತ ನಾಲ್ಕು ಬದನೆಯನ್ನೋ ಮೆಣಸಿನ ಗಿಡವನ್ನೋ ಇಡಬಹುದು. ಬೀಜ ಬಿತ್ತಿದರೆ ಮಾತ್ರ, ಮೊಳೆತು ಬೇರು ಬಿಡುವ ತನಕ ಮೇಲೆ ಚಿಮುಕಿಸಲೇಬೇಕು, ಏಕೆಂದರೆ ಮಡಕೆ ನೆಲದ ಒಳಗನ್ನು ತೋಯಿಸುತ್ತದೆಯೇ ಹೊರತು ಮೇಲ್ಮೈಯನ್ನಲ್ಲ.

ನೀರು ಎಷ್ಟು ದಿನ ಬರುತ್ತದೆ ಎಂಬುದು ಮಡಕೆಯನ್ನೂ ಮಣ್ಣನ್ನೂ ಬಿಸಿಲನ್ನೂ ಹೊಂದಿಕೊಂಡಿದೆ. ಮೊದಲ ವಾರ ದಿನವೂ ಮುಚ್ಚಳ ತೆಗೆದು ನೋಡಿದರೆ ತಮ್ಮ ಹಿತ್ತಲಿನ ಲೆಕ್ಕ ತಮಗೆ ತಿಳಿಯುತ್ತದೆ. ಪೂರ್ತಿ ಬರಿದಾಗಲು ಬಿಡದೆ, ಅರ್ಧಕ್ಕಿಳಿದಾಗಲೇ ತುಂಬಿ. ನೀರಿಗೆ ಗಂಜಲವನ್ನಾಗಲಿ ಸಗಣಿ ರಾಡಿಯನ್ನಾಗಲಿ ಬೆರೆಸಬಾರದು, ರಂಧ್ರ ಕಟ್ಟುತ್ತದೆ. ಎರೆಭೂಮಿಯವರು ಇನ್ನೊಂದು ಮಾತು ನೆನಪಿಡಬೇಕು: ಆ ಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ ಮಡಕೆಯನ್ನು ಒಡೆಯಬಹುದು. ಗುಂಡಿಗೆ ಮರಳು ಬೆರೆಸಿದ ಮಣ್ಣನ್ನು ತುಂಬುವುದು ಒಳ್ಳೆಯದು.

ಮುಚ್ಚಳದ ವಿಷಯವನ್ನು ಹಗುರವಾಗಿ ಎಣಿಸಬೇಡಿ. ಡೆಂಗಿ ಜ್ವರ ಹರಡುವ ಸೊಳ್ಳೆ ಇಂಥ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಗಿಡ ಉಳಿಸಹೋಗಿ ಮಗುವನ್ನು ಆಸ್ಪತ್ರೆಗೆ ಹೊತ್ತೊಯ್ಯುವಂತಾಗಬಾರದು. ಬಾಯಿಗೆ ತೆಳುಬಟ್ಟೆ ಬಿಗಿದು, ಅದರ ಮೇಲೆ ಮಣ್ಣಿನ ತಟ್ಟೆಯನ್ನು ಕವುಚಿ ಇಡಿ. ಬಟ್ಟೆಯಲ್ಲಿ ಗಾಳಿಯಾಡುವುದರಿಂದ ನೀರಿನ ಒಸರಿಗೆ ಅಡ್ಡಿಯಿಲ್ಲ.

ಇನ್ನು ಜಗಲಿಯ ಮೇಲೂ ಮನೆಯೊಳಗೂ ಡಬ್ಬಿ, ಕುಂಡಗಳಲ್ಲಿಟ್ಟ ತುಳಸಿ, ದೊಡ್ಡಪತ್ರೆ, ಗುಲಾಬಿಗಳ ಮಾತು. ಅಲ್ಲಿ ಮಡಕೆ ಹೂಳಲು ಜಾಗವಿಲ್ಲ. ಊರಿನ ಮದುವೆಗೋ ಕೂಲಿಗೋ ನಾಲ್ಕು ದಿನ ಮನೆ ಬೀಗ ಹಾಕಿ ಹೋದರೆ ಅವು ಬಾಡುತ್ತವೆ. ದೀಪದ ಬತ್ತಿ ಎಣ್ಣೆಯನ್ನು ಏರಿಸುವಂತೆ ಇಲ್ಲಿ ಬತ್ತಿಯಿಂದಲೇ ನೀರು ಕೊಡಬಹುದು. ಹಳೆಯ ಹತ್ತಿ ಪಂಚೆಯ ಪಟ್ಟಿಯನ್ನು ಕಿರುಬೆರಳಿನ ದಪ್ಪಕ್ಕೆ ಹೊಸೆದು, ಚೆನ್ನಾಗಿ ನೆನೆಸಿ, ಒಂದು ತುದಿಗೆ ಕಲ್ಲು ಕಟ್ಟಿ ನೀರಿನ ಪಾತ್ರೆಯ ತಳಕ್ಕೆ ಬಿಡಿ. ಇನ್ನೊಂದು ತುದಿಯನ್ನು ಕುಂಡದ ಮಣ್ಣಿನಲ್ಲಿ ನಾಲ್ಕು ಬೆರಳು ಆಳ ಹೂಳಿ. ಪಾತ್ರೆ ಕುಂಡಕ್ಕಿಂತ ಎತ್ತರದಲ್ಲಿದ್ದರೆ ನೀರು ಬೇಗ ಬರುತ್ತದೆ, ಹೆಚ್ಚಾಯಿತೆಂದು ಕಂಡರೆ ಪಾತ್ರೆಯನ್ನು ತಗ್ಗಿಸಿ. ಎರಡನ್ನೂ ನೆರಳಿನಲ್ಲಿ ಹತ್ತಿರ ಹತ್ತಿರ ಇಟ್ಟರೆ ಬತ್ತಿ ನಡುವೆ ಒಣಗುವುದಿಲ್ಲ. ಈ ಪಾತ್ರೆಯ ಬಾಯಿಗೂ ಬಟ್ಟೆ ಬೇಕು. ಡಬ್ಬಿಯ ತಳದಲ್ಲಿ ತೂತಿಲ್ಲದಿದ್ದರೆ ಬೇರು ಕೊಳೆಯುತ್ತದೆ, ಮೊಳೆಯಿಂದ ನಾಲ್ಕು ತೂತು ಹೊಡೆಯಿರಿ. ಹೊರಡುವ ದಿನವೇ ಕಟ್ಟಬೇಡಿ. ಎರಡು ದಿನ ಮುಂಚೆ ಕಟ್ಟಿ ನಡತೆ ನೋಡಿ.

ಎಕರೆಗಟ್ಟಲೆ ಬೆಳೆಗೆ ಇದು ಆಗುವ ಮಾತಲ್ಲ, ನೀರುಬಾಕ ಬಾಳೆಗೂ ಸಾಲದು. ಹಿತ್ತಲಿಗೆ, ಹೊಸದಾಗಿ ನೆಟ್ಟ ಮಾವು, ನುಗ್ಗೆ, ನಿಂಬೆಗಳಿಗೆ ಹೇಳಿದ್ದು. ಮರ ದೊಡ್ಡದಾದ ಮೇಲೆ ಬೇರು ಮಡಕೆಯನ್ನು ತಬ್ಬಿಕೊಂಡಿರುತ್ತದೆ, ಅದನ್ನು ಕೀಳಹೋಗಬೇಡಿ.

ಶಾಲೆಯ ಹಿಂದೆ ಗುಂಡಿ ತೋಡಿಸಿದೆ. ರಾತ್ರಿಯೇ ನೀರು ತುಂಬಿಟ್ಟ ಮೂರು ಮಡಕೆಗಳೂ ಅಲ್ಲಿವೆ. ಅವುಗಳಲ್ಲಿ ಒಂದು ಕೆಲಸಕ್ಕೆ ಬಾರದ್ದು. ಯಾವುದೆಂದು ಮುಟ್ಟಿ ನೋಡಿ ತಾವೇ ಹೇಳಬೇಕು, ಬನ್ನಿ.