ಯಾರಾದರೂ ಎಂದರೆ ಯಾರು?

(ಬಾನುಲಿ ಭಾಷಣ)

ವಿಶ್ವವಿದ್ಯಾನಿಲಯದ ಆವರಣವೆಂದರೆ ನಮ್ಮ ಮನಸ್ಸಿಗೆ ಬರುವುದು ಸಾಲುಮರಗಳು, ಉದ್ದನೆಯ ಪಡಸಾಲೆಗಳು, ಗ್ರಂಥಭಂಡಾರ, ನೆರಳಿನಲ್ಲಿ ಕುಳಿತು ಹರಟುವ ವಿದ್ಯಾರ್ಥಿಗಳು. ಅಪಾಯವೆಂಬ ಮಾತಿಗೆ ಆ ಚಿತ್ರದಲ್ಲಿ ಎಡೆಯಿಲ್ಲ. ಆದರೆ ಅಲ್ಲಿ ದಿನವೂ ಸೇರುವ ಜನ ಒಂದು ಸಣ್ಣ ಪಟ್ಟಣದ ಜನದಷ್ಟು. ಅಲ್ಲಿ ರಸಾಯನಶಾಸ್ತ್ರದ ಪ್ರಯೋಗಶಾಲೆಯಿದೆ, ಅನಿಲದ ಸಿಲಿಂಡರುಗಳಿವೆ, ಹಳೆಯ ವಿದ್ಯುತ್ ತಂತಿಗಳಿವೆ, ಕಾಗದದ ರಾಶಿಗಳಿವೆ, ಹಾಸ್ಟೆಲಿನ ಅಡುಗೆಮನೆಯಿದೆ. ಬೆಂಕಿಯೂ ಬೀಳಬಹುದು, ನೀರೂ ನುಗ್ಗಬಹುದು, ನೆಲವೂ ನಡುಗಬಹುದು. ಹಾಗಾದಾಗ ಮೊದಲ ಹತ್ತು ನಿಮಿಷಗಳಲ್ಲಿ ಮಾಡಬೇಕಾದ ಕೆಲಸವನ್ನು ಯಾರು ಮಾಡಬೇಕು? ಈ ಒಂದು ಪ್ರಶ್ನೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕನ್ನಡ ಪಾಠ ಹೇಳಿಕೊಂಡಿದ್ದವನಿಗೆ ಈ ವಿಷಯದಲ್ಲೇನು ಅಧಿಕಾರವೆಂದು ತಾವು ಕೇಳಬಹುದು. ಅಧಿಕಾರವಿಲ್ಲ, ಒಂದು ಅನುಭವವಿದೆ, ಅದರೊಡನೆ ಒಂದು ನಾಚಿಕೆಯೂ ಇದೆ. ಅಲ್ಲಿಂದಲೇ ಆರಂಭಿಸುತ್ತೇನೆ.

ಬಹಳ ವರ್ಷಗಳ ಹಿಂದಿನ ಮಾತು. ನಾನಾಗ ವಿಭಾಗದ ಮುಖ್ಯಸ್ಥ. ನಮ್ಮದು ಮೂರಂತಸ್ತಿನ ಹಳೆಯ ಕಟ್ಟಡ. ಮುಂದೊಂದು ಮೆಟ್ಟಿಲು, ಹಿಂದೊಂದು ಮೆಟ್ಟಿಲು. ಹಿಂದಿನ ಮೆಟ್ಟಿಲಿನ ಕಬ್ಬಿಣದ ಬಾಗಿಲಿಗೆ ಸದಾ ಬೀಗ. ಹೊರಗಿನವರು ನುಗ್ಗಬಾರದೆಂದು ಯಾರೋ ಎಂದೋ ಹಾಕಿಸಿದ್ದ ಬೀಗವದು. ಬೇಸಿಗೆಯ ಒಂದು ಮಧ್ಯಾಹ್ನ ಕೆಳಗಿನ ಪಡಸಾಲೆಯ ವಿದ್ಯುತ್ ಫಲಕ ಹೊತ್ತಿಕೊಂಡಿತು. ಅದರ ಪಕ್ಕದಲ್ಲೇ ಪೇರಿಸಿಟ್ಟಿದ್ದ ಹಳೆಯ ಉತ್ತರಪತ್ರಿಕೆಗಳ ಗಂಟುಗಳಿಗೆ ಕಿಡಿ ತಾಗಿ, ನೋಡನೋಡುತ್ತಿದ್ದಂತೆ ಹೊಗೆ ಮುಂದಿನ ಮೆಟ್ಟಿಲನ್ನೆಲ್ಲ ತುಂಬಿತು. ಒಬ್ಬರು ಕೂಗಿದರು, ಎಲ್ಲರೂ ಓಡಿದೆವು. ಐದು ನಿಮಿಷದಲ್ಲಿ ಎದುರಿನ ಹೊಂಗೆಯ ಮರದ ಕೆಳಗೆ ನಿಂತು, ದೇವರು ದೊಡ್ಡವನು ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುತ್ತಿದ್ದೆವು. ಆಗ ವಿದ್ಯಾರ್ಥಿನಿಯೊಬ್ಬಳು ನನ್ನ ಬಳಿ ಬಂದು, ತನ್ನ ಗೆಳತಿಯೊಬ್ಬಳ ಹೆಸರು ಹೇಳಿ, “ಅವಳೆಲ್ಲಿ ಸರ್?” ಎಂದಳು.

ಆ ಗೆಳತಿ ಎರಡು ಊರುಗೋಲುಗಳ ಆಸರೆಯಿಂದ ನಡೆಯುತ್ತಿದ್ದವಳು. ಮೇಲಿನ ಅಂತಸ್ತಿನ ವಾಚನಾಲಯದಲ್ಲಿ ಓದುತ್ತ ಕುಳಿತಿದ್ದಳು. ನಮ್ಮಲ್ಲಿ ಅವಳನ್ನು ಅರಿಯದವರು ಒಬ್ಬರೂ ಇರಲಿಲ್ಲ. ಆದರೂ ಪ್ರತಿಯೊಬ್ಬರೂ, ನಾನೂ ಸೇರಿದಂತೆ, ಬೇರೆ ಯಾರಾದರೂ ಅವಳನ್ನು ಕರೆತಂದಿರುತ್ತಾರೆಂದು ಭಾವಿಸಿದ್ದೆವು. ಮುಂದಿನ ಮೆಟ್ಟಿಲನ್ನು ಹತ್ತುವಂತಿರಲಿಲ್ಲ. ಹಿಂದಿನ ಬಾಗಿಲಿನ ಬೀಗದ ಕೈ ನಮ್ಮ ಜವಾನರ ಬಳಿಯಲ್ಲಿತ್ತು. ಅವರನ್ನು ನಾನೇ ಬ್ಯಾಂಕಿಗೆ ಕಳುಹಿಸಿದ್ದೆ. ಅಷ್ಟರಲ್ಲಿ ಅವರು ಹಿಂದಿರುಗಿದ್ದು ನಮ್ಮ ಪೂರ್ವಪುಣ್ಯ. ವಿಷಯ ತಿಳಿದೊಡನೆಯೇ ಸೈಕಲ್ಲನ್ನು ಅಲ್ಲೇ ಕೆಡವಿ, ಹೆಗಲ ಮೇಲಿನ ವಸ್ತ್ರವನ್ನು ನಲ್ಲಿಯಲ್ಲಿ ನೆನೆಸಿ ಮೂಗಿಗೆ ಕಟ್ಟಿಕೊಂಡು, ಹಿಂದಿನ ಬಾಗಿಲು ತೆಗೆದು ಮೇಲೇರಿದರು. ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡು ಇಳಿದು ಬಂದರು. ಎರಡು ದಿನ ಕೆಮ್ಮಿ, ಹುಡುಗಿ ಚೇತರಿಸಿಕೊಂಡಳು. ಅವಳನ್ನು ನೋಡಲು ಹೋದ ನನಗೆ ಆಕೆ ಹೇಳಿದ ಮಾತು ಇದು: “ನಾನು ಕೂಗಲಿಲ್ಲ ಸರ್. ಯಾರಾದರೂ ಬಂದೇ ಬರುತ್ತಾರೆ ಅಂತ ಸುಮ್ಮನೆ ಕೂತಿದ್ದೆ.”

‘ಯಾರಾದರೂ’ ಎಂಬ ಪದವನ್ನು ನಾನು ಮೂವತ್ತು ವರ್ಷ ವ್ಯಾಕರಣದಲ್ಲಿ ಪಾಠ ಮಾಡಿದ್ದೇನೆ. ಅದರ ಹೊಟ್ಟೆಯಲ್ಲಿರುವುದು ‘ಯಾರು’ ಎಂಬ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ದೊರೆಯದೆ ಇರುವಾಗಲೇ ನಾವು ‘ಯಾರಾದರೂ’ ಎನ್ನುತ್ತೇವೆ. ಮೇಲೆ ಕುಳಿತಿದ್ದ ಆ ಮಗು ನಂಬಿದ್ದದ್ದು ಅದೇ ಪದವನ್ನು. ಕೆಳಗೆ ನಿಂತಿದ್ದ ನಾವು ನಂಬಿದ್ದದ್ದೂ ಅದೇ ಪದವನ್ನು. ನಾವು ಯಾರೂ ಕೆಟ್ಟವರಲ್ಲ. ಒಬ್ಬರ ಹೆಸರು ಹೇಳಿ, ಈ ಕೆಲಸ ನಿಮ್ಮದು ಎಂದು ಮೊದಲೇ ಹೇಳಿದ್ದರೆ ಆತ ಅದನ್ನು ಮಾಡಿಯೇ ಮಾಡುತ್ತಿದ್ದ. ಯಾರಿಗೂ ಹಾಗೆ ಹೇಳಿರಲಿಲ್ಲ. ಆ ಮೇಲೆ ಒಂದು ಸಮಿತಿಯಾಯಿತು. ಅದು ಎರಡು ಬಾರಿ ಸೇರಿತು, ಒಂದು ಸುತ್ತೋಲೆ ಹೊರಡಿಸಿತು. ಎಲ್ಲರೂ ಎಚ್ಚರದಿಂದಿರತಕ್ಕದ್ದು ಎಂದು ಅದರಲ್ಲಿತ್ತು. ಎಲ್ಲರೂ ಎಂಬುದು ‘ಯಾರಾದರೂ’ ಎಂಬುದರ ಬಹುವಚನ, ಅಷ್ಟೆ.

ನಮ್ಮ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಸೂರತ್ ನಗರದಲ್ಲಿ 2019ರ ಮೇ 24ರಂದು ಬಹುಮಹಡಿ ಕಟ್ಟಡವೊಂದರ ಮೇಲಂತಸ್ತಿನಲ್ಲಿ ತರಗತಿಗಳು ನಡೆಯುತ್ತಿದ್ದಾಗ ಬೆಂಕಿ ಬಿದ್ದು 22 ಮಂದಿ ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಆ ಕಟ್ಟಡಕ್ಕೆ ಇಟ್ಟಿದ್ದ ಹೆಸರು, ನೆನೆದರೆ ಸಂಕಟವಾಗುತ್ತದೆ, ತಕ್ಷಶಿಲಾ. ದೆಹಲಿಯಲ್ಲಿ 2024ರ ಜುಲೈ 27ರಂದು ನೆಲಮಾಳಿಗೆಯ ವಾಚನಾಲಯವೊಂದಕ್ಕೆ ಮಳೆಯ ನೀರು ನುಗ್ಗಿ, ಸ್ಪರ್ಧಾಪರೀಕ್ಷೆಗೆ ಓದುತ್ತಿದ್ದ ಮೂವರು ಮುಳುಗಿ ಸತ್ತರು.

ಜಪಾನಿನ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅದು ನಡೆದದ್ದು ಪ್ರಾಥಮಿಕ ಶಾಲೆಯಲ್ಲಿ, ಆದರೆ ಪಾಠ ಎಲ್ಲ ವಿದ್ಯಾಸಂಸ್ಥೆಗಳಿಗೂ ಸಲ್ಲುತ್ತದೆ. 2011ರ ಮಾರ್ಚ್ 11ರ ಮಧ್ಯಾಹ್ನ ಆ ದೇಶದ ಈಶಾನ್ಯ ಕರಾವಳಿಯಲ್ಲಿ ಮಹಾ ಭೂಕಂಪವಾಯಿತು. ಇಶಿನೊಮಾಕಿ ನಗರಕ್ಕೆ ಸೇರಿದ ಒಕಾವಾ ಶಾಲೆಯ ಮಕ್ಕಳು ಕಲಿಸಿದಂತೆಯೇ ಶಿಸ್ತಿನಿಂದ ಅಂಗಳಕ್ಕೆ ಬಂದು ನಿಂತರು. ಸುನಾಮಿಯ ಎಚ್ಚರಿಕೆ ಬರುತ್ತಲೇ ಇತ್ತು. ಶಾಲೆಯ ಬೆನ್ನಿಗೇ ಗುಡ್ಡವಿತ್ತು. ಆದರೆ ಅಂಗಳದಿಂದ ಮುಂದೆ ಎಲ್ಲಿಗೆ ಹೋಗಬೇಕೆಂದು ಶಾಲೆಯ ಕೈಪಿಡಿಯಲ್ಲಿ ಖಚಿತವಾಗಿ ಬರೆದಿರಲಿಲ್ಲ. ಮುಖ್ಯೋಪಾಧ್ಯಾಯರು ಅಂದು ಶಾಲೆಯಲ್ಲಿರಲಿಲ್ಲ. ಉಪಾಧ್ಯಾಯರು ತಮ್ಮತಮ್ಮಲ್ಲಿ ಚರ್ಚಿಸುತ್ತ ಸುಮಾರು 50 ನಿಮಿಷ ಕಳೆದರು. ಕೊನೆಗೆ ಹೊರಟಾಗ ನೀರು ಬಂದಿತು. 74 ಮಕ್ಕಳು, 10 ಮಂದಿ ಉಪಾಧ್ಯಾಯರು ಹೋದರು. ಪೋಷಕರು ನ್ಯಾಯಾಲಯದ ಮೆಟ್ಟಿಲೇರಿದರು. ಮೊದಲೇ ಸಿದ್ಧತೆ ಮಾಡಿಕೊಳ್ಳದೆ ಇದ್ದದ್ದೇ ಶಾಲೆಯ ಮತ್ತು ಆಡಳಿತದ ತಪ್ಪು ಎಂದು ಸೆಂಡೈನ ಉಚ್ಚ ನ್ಯಾಯಾಲಯ 2018ರಲ್ಲಿ ತೀರ್ಪು ಕೊಟ್ಟಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ನಿಲ್ಲಿಸಿತು. ಆ ಅಂಗಳದಲ್ಲಿದ್ದ ಉಪಾಧ್ಯಾಯರು ಮಕ್ಕಳನ್ನು ಬಿಟ್ಟು ಓಡಿದವರಲ್ಲ. ಇಂಥವರು ನಿರ್ಧರಿಸತಕ್ಕದ್ದು, ಅವರಿಲ್ಲದಿದ್ದರೆ ಇಂಥವರು ಎಂಬುದು ಅಲ್ಲಿ ಮೊದಲೇ ಗೊತ್ತಾಗಿರಲಿಲ್ಲ.

ಇದನ್ನು ಕಂಡುಕೊಳ್ಳಲು ನಾವು ಜಪಾನಿನವರೆಗೆ ಹೋಗಬೇಕಾಗಿಯೇ ಇರಲಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ, ಈಗ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂದು ಕರೆಯುವ ಸಂಸ್ಥೆಗೆ, ಬಂದಿದ್ದ ಓಲೆಯ ಪ್ರತಿಯೊಂದರಿಂದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚು ಹಾಕಿಸಿದ್ದು ತಮಗೆ ತಿಳಿದದ್ದೇ. ಆ ಗ್ರಂಥದಲ್ಲಿ ನಗರಾಡಳಿತವನ್ನು ಹೇಳುವ ಅಧ್ಯಾಯವೊಂದಿದೆ. ಇಡೀ ನಗರಕ್ಕೆ ಒಬ್ಬ ನಾಗರಕ; ನಗರದ ನಾಲ್ಕನೆಯ ಒಂದು ಭಾಗಕ್ಕೆ ಒಬ್ಬ ಸ್ಥಾನಿಕ; ಅವನ ಕೆಳಗೆ ಹತ್ತು, ಇಪ್ಪತ್ತು ಅಥವಾ ನಲವತ್ತು ಮನೆಗಳಿಗೆ ಒಬ್ಬ ಗೋಪ. ತನ್ನ ಪಾಲಿನ ಮನೆಗಳಲ್ಲಿ ಎಷ್ಟು ಜನ, ಯಾರು ಯಾರು, ಏನು ಕೆಲಸದವರು ಎಂಬುದು ಗೋಪನಿಗೆ ತಿಳಿದಿರಬೇಕು. ಬೆಂಕಿಗೆ ಮುನ್ನೆಚ್ಚರಿಕೆಯಾಗಿ ಮನೆಮನೆಯಲ್ಲೂ ನೀರಿನ ಕೊಡ, ಏಣಿ, ಕೊಡಲಿ, ಕೊಕ್ಕೆ, ತೊಗಲಿನ ಚೀಲ ಇರಬೇಕು. ಹೊತ್ತಿಕೊಂಡ ಮನೆಯತ್ತ ಓಡದ ಯಜಮಾನನಿಗೆ 12 ಪಣ ದಂಡ. ಬಾಡಿಗೆಯವನಾದರೆ 6 ಪಣ. ಅಂದರೆ, ಅಪಾಯದ ಹೊಣೆಯನ್ನು ನಗರಕ್ಕೆಲ್ಲ ಒಟ್ಟಾಗಿ ಹೊರಿಸಿದರೆ ಸಾಲದು, ಎಣಿಸಬಹುದಾದಷ್ಟು ಮನೆಗಳಿಗೆ ಒಬ್ಬ ಮನುಷ್ಯನಿರಬೇಕು ಎಂಬುದು ಅಷ್ಟು ಹಿಂದೆಯೇ ಹೊಳೆದಿತ್ತು. ಆ ಮಾತನ್ನು ಉಳಿಸಿಕೊಟ್ಟದ್ದು ಕಿಡಿ ತಾಗಿದರೆ ಕ್ಷಣದಲ್ಲಿ ಬೂದಿಯಾಗುವ ತಾಳೆಯೋಲೆ ಎಂಬುದನ್ನೂ ನಾವು ನೆನೆಯಬೇಕು.

ನಮ್ಮ ಕಾಲದ ಕಾನೂನನ್ನು ನೋಡಿ. 2005ರ ವಿಪತ್ತು ನಿರ್ವಹಣಾ ಅಧಿನಿಯಮದಂತೆ ರಾಷ್ಟ್ರಕ್ಕೊಂದು ಪ್ರಾಧಿಕಾರ, ರಾಜ್ಯಕ್ಕೊಂದು, ಜಿಲ್ಲೆಗೊಂದು. ನಾಗರಕನೂ ಸ್ಥಾನಿಕನೂ ದೊರೆತರು. ಕಟ್ಟಡದ ಬಾಗಿಲಲ್ಲಿ ನಿಲ್ಲುವ ಗೋಪನನ್ನು ಮಾತ್ರ ನಾವೇ ಹುಡುಕಿಕೊಳ್ಳಬೇಕು. ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಇಂಥವರನ್ನು ಕಟ್ಟಡಕ್ಕೊಬ್ಬರಂತೆ ನೇಮಿಸುವ ಪದ್ಧತಿಯಿದೆ. ಬರ್ಕ್‌ಲಿಯ ಆವರಣದಲ್ಲಿ ಭೂಕಂಪದ ಬಿರುಕು ಕ್ರೀಡಾಂಗಣದ ಅಡಿಯಲ್ಲೇ ಹಾದುಹೋಗಿದೆ. ಅಲ್ಲಿ ಕಟ್ಟಡಗಳಿಗೆ ಸಂಯೋಜಕರೂ ಇದ್ದಾರೆ, ಬರೆದಿಟ್ಟ ತುರ್ತುಯೋಜನೆಯೂ ಇದೆ. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ಆವರಣದಲ್ಲಿ ಬಂದೂಕುಧಾರಿಯೊಬ್ಬ 32 ಮಂದಿಯನ್ನು ಕೊಂದ ಮೇಲೆ, ಎಚ್ಚರಿಕೆ ಕೊಡುವ ಮತ್ತು ಜನರನ್ನು ತೆರವು ಮಾಡಿಸುವ ಕ್ರಮವನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕೆಂದು 2008ರಲ್ಲಿ ಆ ದೇಶ ಕಾನೂನು ಮಾಡಿತು.

‘ಸಂಯೋಜಕ’ ಎಂಬ ಮಾತು ನನಗೆ ಅಷ್ಟಾಗಿ ರುಚಿಸದು. ಕನ್ನಡದಲ್ಲಿ ‘ಹೊಣೆ’ ಎಂಬ ಹಳೆಯ ಮಾತಿದೆ. ಒಬ್ಬನ ಪರವಾಗಿ ನಿಲ್ಲುವುದು ಎಂದು ಅದರ ಅರ್ಥ. ಆದ್ದರಿಂದ ಕಟ್ಟಡದ ಹೊಣೆಗಾರ ಎನ್ನೋಣ. ಈ ಹೊಣೆಗಾರ ಯಾರಾಗಬೇಕು? ದೊಡ್ಡ ಹುದ್ದೆಯವರೇ ಆಗಬೇಕಾಗಿಲ್ಲ. ಪ್ರಾಧ್ಯಾಪಕರು ಇಂದು ವಿಚಾರಗೋಷ್ಠಿಗೆ, ನಾಳೆ ಮೌಲ್ಯಮಾಪನಕ್ಕೆ ಹೊರಗಿರುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಇರುವ, ಮೂಲೆಮೂಲೆಯನ್ನು ಬಲ್ಲ ಪ್ರಯೋಗಶಾಲೆಯ ಸಹಾಯಕರೋ ಕಚೇರಿಯ ಗುಮಾಸ್ತರೋ ಗ್ರಂಥಾಲಯದ ಸಿಬ್ಬಂದಿಯೋ ಮೇಲು. ಅವರಿಲ್ಲದ ದಿನಕ್ಕೆ ಇನ್ನೊಬ್ಬರ ಹೆಸರಿರಬೇಕು; ಅಂತಸ್ತಿಗೊಬ್ಬರು ನೆರವಿಗಿರಬೇಕು; ರಾತ್ರಿ ತೆರೆದಿರುವ ವಾಚನಾಲಯಕ್ಕೆ ರಾತ್ರಿಯ ಹೆಸರು ಬೇರೆ. ವರ್ಗವಾದ ದಿನವೇ ಹೊಸ ಹೆಸರು ಫಲಕದ ಮೇಲೆ ಬರಬೇಕು.

ಅವರ ಕೆಲಸ ಬೆಂಕಿಯೊಡನೆ ಹೋರಾಡುವುದಲ್ಲ. ಮುಖ್ಯ ವಿದ್ಯುತ್ ಗುಂಡಿ ಎಲ್ಲಿದೆ, ಅನಿಲದ ಕೊಳವೆಯನ್ನು ಎಲ್ಲಿ ಮುಚ್ಚಬೇಕು, ಬೀಗದ ಕೈ ಎಲ್ಲಿದೆ ಎಂದು ತಿಳಿದಿರುವುದು. ಜನವಿರುವ ಹೊತ್ತಿನಲ್ಲಿ ಯಾವ ಹೊರದಾರಿಗೂ ಬೀಗವಿಲ್ಲದಂತೆ ನೋಡಿಕೊಳ್ಳುವುದು. ವಿದ್ಯುತ್ತಿನಿಂದ ಹೊತ್ತಿದ ಬೆಂಕಿಗೆ ನೀರು ಸುರಿಯದಂತೆ, ಯಾರೂ ಲಿಫ್ಟ್ ಹತ್ತದಂತೆ ತಡೆಯುವುದು. 112ಕ್ಕೋ 101ಕ್ಕೋ ಕರೆ ಹೋಯಿತೆಂದು ಖಚಿತಪಡಿಸಿಕೊಳ್ಳುವುದು. ಎಲ್ಲಕ್ಕಿಂತ ಮೇಲಾಗಿ, ನಡೆಯಲಾರದವರು, ಕಣ್ಣು ಕಾಣದವರು, ಕಿವಿ ಕೇಳದವರು ಯಾವ ಕೋಣೆಯಲ್ಲಿರುತ್ತಾರೆ, ಅವರ ಜೊತೆಗೆ ಯಾರು ಬರಬೇಕು ಎಂಬುದನ್ನು ಅವರನ್ನೇ ಕೇಳಿ ಮೊದಲೇ ಗೊತ್ತುಮಾಡಿಡುವುದು. ಆಮೇಲೆ ಮರದ ಕೆಳಗೆ ತಲೆಯೆಣಿಸಿ, ಒಳಗೆ ಇನ್ನೂ ಉಳಿದವರಾರೆಂದು ಅಗ್ನಿಶಾಮಕ ದಳದವರಿಗೆ ಹೇಳುವುದು. ನಮ್ಮ ಜವಾನರು ಒದ್ದೆ ಬಟ್ಟೆ ಕಟ್ಟಿಕೊಂಡು ಮೇಲೇರಿ ಬದುಕಿ ಬಂದದ್ದು ಅದೃಷ್ಟ. ಒದ್ದೆ ಬಟ್ಟೆ ವಿಷದ ಹೊಗೆಯನ್ನು ತಡೆಯಲಾರದು. ಹಾಗೆ ಮೇಲೇರುವ ಸಂದರ್ಭವೇ ಬಾರದಂತೆ ನೋಡಿಕೊಳ್ಳುವುದು ಹೊಣೆಗಾರನ ಕೆಲಸ. ಇದನ್ನು ವರ್ಷಕ್ಕೆರಡು ಸಲ ಇಡೀ ಕಟ್ಟಡದವರಿಂದ ಮಾಡಿಸಿ ನೋಡಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಏನು ಫಲ?

ಇದೆಲ್ಲ ನಮ್ಮಿಂದಾಗದು ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಪರೀಕ್ಷೆ ಬಂದರೆ ಪ್ರತಿ ಕೊಠಡಿಗೂ ಒಬ್ಬ ಮೇಲ್ವಿಚಾರಕರ ಹೆಸರು ಬರೆಯುತ್ತೇವೆ. ಅವರು ಕಾಫಿಗೆ ಎದ್ದರೆ ಬಿಡುಗಡೆ ಮಾಡಲು ಇನ್ನೊಬ್ಬರ ಹೆಸರು. ಪ್ರಶ್ನೆಪತ್ರಿಕೆಯ ಲಕೋಟೆಯನ್ನು ಒಡೆದವರಾರು, ಎಷ್ಟು ಗಂಟೆಗೆ ಎಂಬುದಕ್ಕೆ ಸಹಿ. ಪ್ರಶ್ನೆಪತ್ರಿಕೆಯ ಕಟ್ಟಿಗೆ ಕೊಡುವ ಕಾವಲನ್ನು ಅದಕ್ಕೆ ಉತ್ತರ ಬರೆಯುವ ಮಕ್ಕಳಿಗೆ ಕೊಡಲಾರೆವೆ?

ನಿಜವಾದ ಅಡ್ಡಿ ಬೇರೆಯಿದೆ. ಹೆಸರು ಬರೆಸಿಕೊಂಡವನೇ ನಾಳೆ ತಪ್ಪಿತಸ್ಥನಾಗುತ್ತಾನೆಂಬ ಭಯ ನಮ್ಮ ಕಚೇರಿಗಳಲ್ಲಿದೆ. ಅದು ಸುಳ್ಳು ಭಯವಲ್ಲ. ಅಧಿಕಾರ ಕೊಡದೆ ಹೊಣೆ ಕೊಟ್ಟರೆ ಅದು ಶಿಕ್ಷೆಯೇ ಸರಿ. ಇದನ್ನು ನಮ್ಮ ಹಳ್ಳಿಗಳು ಅರಿತಿದ್ದವು. ಕೆರೆಯ ತೂಬಿಗೆ ನೀರಗಂಟಿ ಇದ್ದ. ಅವನು ಎತ್ತದೆ ತೂಬು ಏಳುತ್ತಿರಲಿಲ್ಲ, ಊರ ಗೌಡನ ಗದ್ದೆಗೂ ನೀರು ಹರಿಯುತ್ತಿರಲಿಲ್ಲ. ಕೆರೆಯನ್ನು ಕಟ್ಟಿಸಿದವರಿಗೆ, ದುರಸ್ತಿ ಮಾಡಿದವರಿಗೆ ಕಟ್ಟುಗೊಡಗೆಯೆಂದು ಭೂಮಿ ಬಿಟ್ಟದ್ದನ್ನು ನಮ್ಮ ಶಾಸನಗಳು ಹೇಳುತ್ತವೆ. ಹೊಣೆಯೊಡನೆ ಮಾತಿನ ತೂಕವೂ ಇತ್ತು, ಜೀವನಾಧಾರವೂ ಇತ್ತು. ಹಾಗೆಯೇ ಕಟ್ಟಡದ ಹೊಣೆಗಾರನಿಗೆ ಲಿಖಿತ ಅಧಿಕಾರ ಕೊಡಬೇಕು. ಹೊರಗೆ ನಡೆಯಿರಿ ಎಂದು ಅವನು ಹೇಳಿದರೆ ಕುಲಪತಿಗಳೂ ಎದ್ದು ನಡೆಯತಕ್ಕದ್ದು. ಆ ಕೆಲಸಕ್ಕೆ ತರಬೇತಿ, ಸಮಯ, ಸಣ್ಣದೊಂದು ಭತ್ಯೆ ಬೇಕು. ಬಾಗಿಲು ಸರಿಯಿಲ್ಲವೆಂದು ಅವನು ಬರೆದ ಕಾಗದಕ್ಕೆ ಉತ್ತರ ಬರಬೇಕು. ಅವನನ್ನು ನೇಮಿಸಿದ ಮಾತ್ರಕ್ಕೆ ಮೇಲಿನವರ ಹೊಣೆ ಕಳೆಯದು; ಜಪಾನಿನ ನ್ಯಾಯಾಲಯ ಆಡಳಿತದ ಕಡೆಗೂ ಬೊಟ್ಟು ಮಾಡಿ ತೋರಿಸಿದ್ದು ಅದನ್ನೇ.

ನಮ್ಮ ಜವಾನರು ನನಗಿಂತ ಮೊದಲೇ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ ಹಣ್ಣು ಕೊಟ್ಟು, ಅಂದಿನ ಘಟನೆಯನ್ನು ನೆನೆದು ಅವರ ಧೈರ್ಯವನ್ನು ನಾನು ಕೊಂಡಾಡಿದೆ. ಅವರಿಗೆ ಅದು ಸಂಕೋಚವಾಯಿತು. “ಧೈರ್ಯ ಏನು ಬಂತು ಸಾರ್? ಬೀಗದ ಕೈ ನನ್ನ ಹತ್ರ ಇತ್ತಲ್ಲ, ನಾನು ಹೋಗದೆ ಇನ್ಯಾರು ಹೋಗ್ತಾರೆ?” ಎಂದರು. ಅಷ್ಟೂ ಜನರಲ್ಲಿ ‘ಯಾರಾದರೂ’ ಆಗಿರದೆ ಇದ್ದವರು ಅವರೊಬ್ಬರೇ.

ನಾಳೆ ತಾವು ಕೆಲಸಕ್ಕೋ ತರಗತಿಗೋ ಹೋದಾಗ, ಈ ಕಟ್ಟಡದ ಹೊಣೆಗಾರರು ಯಾರು ಎಂದು ಒಮ್ಮೆ ಕೇಳಿ ನೋಡಿ. ಒಂದು ಹೆಸರು ಬಂದರೆ ಸಂತೋಷ. ‘ಯಾರಾದರೂ ಇರುತ್ತಾರೆ’ ಎಂಬ ಉತ್ತರ ಬಂದರೆ, ದಯವಿಟ್ಟು ಅಲ್ಲಿಗೆ ಬಿಡಬೇಡಿ.