ಜಪವೂ ವಿಧೇಯತೆಯೂ
(ಶತಮಾನೋತ್ಸವದ ಕೃತಜ್ಞತಾ ಬಲಿಪೂಜೆಯಲ್ಲಿ ನೀಡಿದ ಪ್ರವಚನ)



ನೂರು ವರ್ಷಗಳಿಂದ ಈ ದೇವಾಲಯದ ಗಂಟೆ ವಿಶ್ವಾಸಿಗಳನ್ನು ಜಪಕ್ಕೆ ಕರೆಯುತ್ತಿದೆ. ಆ ಕರೆಗೆ ಓಗೊಟ್ಟು ಒಳಗೆ ಬಂದವರು, ದೇವರ ಚಿತ್ತಕ್ಕೆ ತಲೆಬಾಗಿ ಹೊರಗೆ ಹೋದೆವೋ? ಈ ಶುಭದಿನದಂದು ನಾವೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಸಂತ ಲೂಕರ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ, ಗಾಯಗೊಂಡವನನ್ನು ಎತ್ತಿಕೊಂಡ ಸಮಾರಿಯದವನ ಸಾಮತಿಯಿದೆ. ಅದರ ಬೆನ್ನಿಗೇ ಪ್ರಭುವಿನ ಪಾದದ ಬಳಿ ಕುಳಿತ ಮರಿಯಳೂ ಅಡುಗೆಯ ಚಿಂತೆಯಲ್ಲಿ ಬಳಲಿದ ಮಾರ್ಥಳೂ ಬರುತ್ತಾರೆ. ಹನ್ನೊಂದನೆಯ ಅಧ್ಯಾಯ ತೆರೆಯುವುದು ಪ್ರಭು ಕಲಿಸಿದ ಜಪದಿಂದ. ಸೇವೆ, ಶ್ರವಣ, ಜಪ ಈ ಮೂರನ್ನೂ ಸಂತರು ಒಂದೇ ದಾರದಲ್ಲಿ ಪೋಣಿಸಿದ್ದಾರೆ. ಪ್ರಭು ಮಾರ್ಥಳ ದುಡಿಮೆಯನ್ನು ಹಳಿಯಲಿಲ್ಲ. ಆಕೆಯ ತಳಮಳವನ್ನು ತಿದ್ದಿದರು.

ಇದನ್ನು ನಾವು ಗುರುಮಠದಲ್ಲಿ ಓದಿದ್ದೆವು. ಆದರೆ ಬದುಕಿನಲ್ಲಿ ಕಲಿತದ್ದು ತಡವಾಗಿ. ಬಹು ವರ್ಷಗಳ ಹಿಂದೆ ಒಂದು ಸಂಜೆ ಜಪಪುಸ್ತಕ ತೆರೆದು ಕುಳಿತಿದ್ದೆವು. ಜೋರಾಪುರ ಪೇಟೆಯ ಕಡೆಯಿಂದ ಬಾಲಕನೊಬ್ಬ ಓಡಿಬಂದು, "ಫಾದರ್, ನಮ್ಮ ಆಯಿಗೆ ಭಾಳ ತ್ರಾಸ ಆಗೇತ್ರಿ, ಲಗೂ ಬರ್ರಿ" ಎಂದನು. "ಜಪ ಮುಗಿಯಲಿ, ಬರುತ್ತೇವೆ" ಎಂದೆವು. ಅರ್ಧ ಗಂಟೆಯ ಮೇಲೆ ಹೋದಾಗ ಆ ತಾಯಿಯ ಉಸಿರು ನಿಂತಿತ್ತು. ಬಡವರ ಕರೆಗೆ ಜಪವನ್ನು ಬಿಟ್ಟೇಳುವುದು ದೇವರಿಗಾಗಿ ದೇವರನ್ನು ಬಿಟ್ಟಂತೆ ಎಂದು ಸಂತ ವಿನ್ಸೆಂಟ್ ದ ಪಾಲರು (1581–1660) ತಮ್ಮ ಕನ್ಯಾಸ್ತ್ರೀಯರಿಗೆ ಬೋಧಿಸಿದ್ದರು. ಆ ಪಾಠ ನಮಗೆ ಬಾಯಿಪಾಠವಾಗಿತ್ತು, ಕಾಲಿಗೆ ಇಳಿದಿರಲಿಲ್ಲ.

ಆ ಪಶ್ಚಾತ್ತಾಪದಿಂದ ನಾವು ಮತ್ತೊಂದು ತುದಿಗೆ ಹೋದೆವು. ಕಟ್ಟಡ, ಲೆಕ್ಕಪತ್ರ, ಸಭೆಗಳ ನಡುವೆ ಜಪ ಸೊರಗಿತು. ನಾಲಿಗೆ ಕಟುವಾಯಿತು. ದುಃಖ ಹೇಳಿಕೊಳ್ಳಲು ಬಂದವರು ಬಾಗಿಲಲ್ಲೇ ಹಿಂದಿರುಗತೊಡಗಿದರು. ಎರಡು ತಪ್ಪುಗಳ ಬೇರು ಒಂದೇ ಎಂದು ಆಗ ತಿಳಿಯಿತು. ಜಪದಲ್ಲಿಯೂ ದುಡಿಮೆಯಲ್ಲಿಯೂ ನಡೆದದ್ದು ನಮ್ಮ ಚಿತ್ತವೇ ಹೊರತು ದೇವರದಲ್ಲ.

1651ರಲ್ಲಿ ಮಹಮ್ಮದ್ ಆದಿಲ್ ಶಾಹನು ಕಟ್ಟಿಸಿದ ನಮ್ಮೂರಿನ ಬೇಗಂ ತಲಾಬನ್ನು ನೀವೆಲ್ಲರೂ ಬಲ್ಲಿರಿ. ಅಲ್ಲಿಂದ ನೀರು ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ಹರಿಯುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳಿದ್ದವು. ಅವುಗಳಲ್ಲಿ ನೀರಿನ ಒತ್ತಡ ತಗ್ಗುತ್ತಿತ್ತು, ಕೆಸರು ತಳಕ್ಕಿಳಿಯುತ್ತಿತ್ತು, ತಿಳಿನೀರು ಮುಂದೆ ಸಾಗುತ್ತಿತ್ತು. ಗಂಜ್ ಇಲ್ಲದಿದ್ದರೆ ಕೊಳವೆ ಒಡೆಯುವ ಭಯ; ನೀರು ಗಂಜಿನಲ್ಲೇ ನಿಂತುಬಿಟ್ಟರೆ ಊರಿಗೆ ಬಾಯಾರಿಕೆ. ಜಪವು ನಮ್ಮ ದುಡಿಮೆಯ ದಾರಿಯಲ್ಲಿನ ಗಂಜ್. ಅಲ್ಲಿ ಕೋಪ, ಅಹಂಕಾರ, ಆತುರಗಳು ತಳಕ್ಕಿಳಿಯಬೇಕು. ತಿಳಿಯಾದ ಪ್ರೀತಿ ನೆರೆಯವನ ಮನೆಗೆ ಹರಿಯಬೇಕು.

ಮಾತೆ ಮರಿಯಮ್ಮನವರು ದೇವದೂತನಿಗೆ ಸಮ್ಮತಿಯಿತ್ತ ಬಳಿಕ, ಎಲಿಜಬೇತಳ ಸೇವೆಗಾಗಿ ಬೆಟ್ಟದ ಸೀಮೆಗೆ ತ್ವರೆಯಾಗಿ ಹೊರಟರು. ಪ್ರಭು ಯೇಸು ಗೆತ್ಸೆಮನಿ ತೋಪಿನಲ್ಲಿ ಜಪಿಸಿ ಎದ್ದು ಶಿಲುಬೆಯತ್ತ ನಡೆದರು. ನಾವೂ ಪ್ರತಿ ಮುಂಜಾನೆ, "ಪ್ರಭುವೇ, ಇಂದು ನಾನು ಏನು ಮಾಡಬೇಕು?" ಎಂದು ಕೇಳೋಣ, ರಾತ್ರಿ ಅದಕ್ಕೆ ಲೆಕ್ಕ ಒಪ್ಪಿಸೋಣ. ಆಗ ಈ ದೇವಾಲಯದ ಎರಡನೆಯ ಶತಮಾನದಲ್ಲಿ, ಬಾಗಿಲು ತಟ್ಟಿದ ಯಾವ ಬಾಲಕನೂ ಕಾಯಬೇಕಾಗುವುದಿಲ್ಲ.

ಸರ್ವಶಕ್ತ ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ. ಆಮೆನ್.