ಪದಗುಚ್ಛವನ್ನು ಗುರುತಿಸುವ ಬಗೆ



ಇಂಗ್ಲಿಷ್ ವ್ಯಾಕರಣವೆಂದರೆ ನಮ್ಮ ಗಡಿನಾಡಿನ ಕನ್ನಡ ಶಾಲೆಗಳ ಮಕ್ಕಳಿಗೆ ಏನೋ ಅಳುಕು. ಗೆರೆ ಎಳೆದ ಪದಗುಚ್ಛ, ಅಂದರೆ ಫ್ರೇಸ್, ಯಾವ ಬಗೆಯದೆಂಬ ಪ್ರಶ್ನೆ ಬಂದರಂತೂ ಪೆನ್ನು ನಿಂತೇಬಿಡುತ್ತದೆ. ನಾನು ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದವನು, ಪಂಡಿತನಲ್ಲ. ಆದರೂ ಕನ್ನಡ ಬಲ್ಲವರಿಗೆ ಈ ಪ್ರಶ್ನೆ ಕಠಿಣವಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ.

ಮೊದಲು ಪದಗುಚ್ಛ ಯಾವುದು, ಉಪವಾಕ್ಯ ಯಾವುದು ಎಂದು ತಿಳಿಯಬೇಕು. 'ಆಫ್ಟರ್ ಸನ್‌ಸೆಟ್' ಪದಗುಚ್ಛ. 'ಆಫ್ಟರ್ ದಿ ಸನ್ ಸೆಟ್ಸ್' ಉಪವಾಕ್ಯ. ಎರಡನೆಯದರಲ್ಲಿ ಸೂರ್ಯನೆಂಬ ಕರ್ತೃವೂ ಮುಳುಗುವ ಕ್ರಿಯೆಯೂ ಉಂಟು. ಮೊದಲನೆಯದರಲ್ಲಿ ಆ ಜೋಡಿ ಇಲ್ಲ.

ಇನ್ನು ಬಗೆಗಳು. 'ದಿ ಬುಕ್ ಆನ್ ದಿ ಟೇಬಲ್ ಈಸ್ ಮೈನ್' ಎಂಬುದನ್ನು ಕನ್ನಡದಲ್ಲಿ ಹೇಳಿನೋಡಿ: ಮೇಜಿನ ಮೇಲಿನ ಪುಸ್ತಕ ನನ್ನದು. 'ಐ ಕೆಪ್ಟ್ ದಿ ಬುಕ್ ಆನ್ ದಿ ಟೇಬಲ್' ಎಂದರೆ? ಪುಸ್ತಕವನ್ನು ಮೇಜಿನ ಮೇಲೆ ಇಟ್ಟೆ. ಇಂಗ್ಲಿಷಿನಲ್ಲಿ 'ಆನ್ ದಿ ಟೇಬಲ್' ಬದಲಾಗಲಿಲ್ಲ. ಕನ್ನಡದಲ್ಲಿ ಮಾತ್ರ 'ಮೇಲಿನ' ಹೋಗಿ 'ಮೇಲೆ' ಬಂತು. 'ಮೇಲಿನ' ಎಂದು ಬಂದರೆ ಅದು ನಾಮಪದಕ್ಕೆ ವಿಶೇಷಣ, ಅಡ್ಜೆಕ್ಟಿವ್ ಫ್ರೇಸ್. 'ಮೇಲೆ' ಎಂದು ಬಂದರೆ ಕ್ರಿಯೆಗೆ ವಿಶೇಷಣ, ಅಡ್ವರ್ಬ್ ಫ್ರೇಸ್. ಮೊದಲ ವಾಕ್ಯದ 'ದಿ ಬುಕ್ ಆನ್ ದಿ ಟೇಬಲ್' ಇಷ್ಟನ್ನೂ ತೆಗೆದು 'ಇಟ್' ಎಂದಿಡಬಹುದು. ಆದ್ದರಿಂದ ಅದು ನೌನ್ ಫ್ರೇಸ್. 'ಹ್ಯಾಸ್ ಬೀನ್ ರೀಡಿಂಗ್' ಎಂಬಲ್ಲಿ ಮೂರು ಪದ ಸೇರಿ ಒಂದೇ ಕ್ರಿಯೆ. ಅದು ವರ್ಬ್ ಫ್ರೇಸ್.

ಮನೆಯಲ್ಲಿ ಒಂದು ಜಗಳ ಹುಟ್ಟುವುದುಂಟು. 'ಆನ್ ದಿ ಟೇಬಲ್' ಎಂಬುದನ್ನು ಮೊಮ್ಮಗಳು ಪ್ರಿಪೊಸಿಷನಲ್ ಫ್ರೇಸ್ ಎನ್ನುತ್ತಾಳೆ. ರೆನ್ ಮತ್ತು ಮಾರ್ಟಿನ್ ಓದಿದ ಅಜ್ಜ ಅಡ್ಜೆಕ್ಟಿವ್ ಫ್ರೇಸ್ ಎನ್ನುತ್ತಾರೆ. ಇಬ್ಬರದೂ ಸರಿಯೇ. ಅವಳು ಗುಚ್ಛದ ಮುಖ್ಯ ಪದವನ್ನು ನೋಡಿ ಹೆಸರಿಟ್ಟಳು, ಅಜ್ಜ ಅದು ಮಾಡುವ ಕೆಲಸವನ್ನು ನೋಡಿ ಹೆಸರಿಟ್ಟರು. ಪರೀಕ್ಷೆಯಲ್ಲಿ ಪ್ರಶ್ನೆ ಯಾವುದನ್ನು ಕೇಳಿದೆಯೆಂದು ನೋಡಿಕೊಂಡರಾಯಿತು.

ಇದೆಲ್ಲ ಅಂಕಗಳಿಗಾಗಿ ಮಾತ್ರವೇ? ಅಲ್ಲ. 'ಸೆಲ್ ದಿ ಅರೆಕಾನಟ್ ಇನ್ ದಿ ಗೋಡೌನ್' ಎಂದು ಯಾರೋ ಬರೆದು ಕಳುಹಿಸಿದರೆನ್ನಿ. ಗೋದಾಮಿನಲ್ಲಿರುವ ಅಡಿಕೆಯನ್ನು ಮಾರಬೇಕೋ, ಅಡಿಕೆಯನ್ನು ಗೋದಾಮಿನಲ್ಲಿ ಮಾರಬೇಕೋ? ಮೊದಲನೆಯದಾದರೆ ಅಂಗಳದಲ್ಲಿ ಒಣಗುತ್ತಿರುವ ಅಡಿಕೆಯನ್ನು ಮುಟ್ಟುವಂತಿಲ್ಲ.

ಜಂಟಿ ಠೇವಣಿಯ ಫಾರಮಿನಲ್ಲಿಯೂ ಇಂಥ ಗುಚ್ಛಗಳಿವೆ. 'ಐದರ್ ಆರ್ ಸರ್ವೈವರ್' ಎಂದರೆ ಇಬ್ಬರಲ್ಲಿ ಯಾರಾದರೊಬ್ಬರು, ಒಬ್ಬರು ತೀರಿಕೊಂಡರೆ ಉಳಿದವರು. 'ಫಾರ್ಮರ್ ಆರ್ ಸರ್ವೈವರ್' ಎಂಬಲ್ಲಿನ ಫಾರ್ಮರ್ ರೈತನಲ್ಲ, ಮೊದಲು ಹೆಸರಿರುವವರು. ಅವರು ಬದುಕಿರುವ ತನಕ ಖಾತೆ ನಡೆಸುವ ಅಧಿಕಾರ ಅವರೊಬ್ಬರದೇ. ಗಂಡ ಆಸ್ಪತ್ರೆಯಲ್ಲಿ ಮಲಗಿರುವಾಗ ಹೆಂಡತಿಯ ಸಹಿಗೆ ಹಣ ಸಿಗುವುದೂ ಸಿಗದಿರುವುದೂ ಆ ಒಂದು ಪದದ ಮೇಲೆ ನಿಂತಿದೆ.

ಆದ್ದರಿಂದ ಮಕ್ಕಳೇ, ಇಂಗ್ಲಿಷ್ ವಾಕ್ಯದ ಕೆಳಗೆ ಕನ್ನಡ ವಾಕ್ಯವನ್ನು ಬರೆದುಕೊಳ್ಳಲು ನಾಚಬೇಡಿ. ಹಿರಿಯರೇ, ಫಾರಮಿಗೆ ಸಹಿ ಹಾಕುವ ಮುನ್ನ ಆ ಗುಚ್ಛದ ಅರ್ಥವನ್ನು ಕನ್ನಡದಲ್ಲಿ ಕೇಳಿ ತಿಳಿದುಕೊಳ್ಳಿ.